ಚಿತ್ರಕ್ಕೆ ತಕ್ಕ ಕಟ್ಟು

ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ, ಅದು ಮಾಟುಂಗದ ಹಳೆಯ ಕಟ್ಟಡದ ಎರಡು ಕೋಣೆಯಾಗಲಿ, ಡೊಂಬಿವಲಿಯ ಹೊಸ ಫ್ಲ್ಯಾಟಾಗಲಿ, ಒಳಗೆ ಕಾಲಿಟ್ಟೊಡನೆ ಎದುರಾಗುವುದು ಗೋಡೆಯ ಮೇಲಿನ ಒಂದು ಹಳೆಯ ಫೋಟೊ. ಅಜ್ಜನದೋ, ಅಜ್ಜಿಯದೋ, ಇಲ್ಲವೆ ಊರಿನ ಮನೆಯ ಮುಂದೆ ಸಾಲಾಗಿ ನಿಂತ ಕುಟುಂಬದ್ದೋ ಆಗಿರುತ್ತದೆ. ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದುಹೋಗುತ್ತೇವೆ. ಹಬ್ಬ ಬಂದರೆ ಗಾಜು ಒರಸುತ್ತೇವೆ. ನಿಂತು ನೋಡುವುದು ಮಾತ್ರ ಅಪರೂಪ. ನಾವೂ ಹಾಗೆಯೇ ಇದ್ದವರು. ನಮ್ಮನ್ನು ನಿಲ್ಲಿಸಿ ನೋಡುವಂತೆ ಮಾಡಿದ್ದು ಒಂದು ಚಿಟಿಕೆ ಮರದ ಪುಡಿ.

ಕಳೆದ ಶ್ರಾವಣದಲ್ಲಿ ಒಂದು ಬೆಳಗ್ಗೆ ಕಸ ಗುಡಿಸುತ್ತಿದ್ದ ನಮ್ಮ ಮನೆಯಾಕೆ, “ಏನ್ರೀ, ಈ ಗೋಡೆಯ ಬುಡದಲ್ಲಿ ದಿನಾ ರವೆಯಂಥ ಪುಡಿ ಬೀಳ್ತಾ ಇದೆ, ಸ್ವಲ್ಪ ಮೇಲೆ ನೋಡಿ” ಎಂದರು. ಕುರ್ಚಿ ಹಾಕಿಕೊಂಡು ಹತ್ತಿ ಫೋಟೊ ಇಳಿಸಿದೆವು. ಕಟ್ಟಿನ ತುಂಬ ಸಾಸಿವೆ ಗಾತ್ರದ ತೂತುಗಳು. ಕುಟ್ಟೆ ಹಿಡಿದಿತ್ತು. ಬೆರಳಿಂದ ಒತ್ತಿದರೆ ಮರ ಬಿಸ್ಕತ್ತಿನಂತೆ ಕುಸಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಗಾಜೂ ಫೋಟೊವೂ ನೆಲದ ಮೇಲಿರುತ್ತಿದ್ದವು.

ಆ ಫೋಟೊ 1963ರದು. ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಯಲ್ಲಿದ್ದ ನಮ್ಮ ಹಿರಿಯರ ಮನೆಯ ಜಗಲಿಯ ಮುಂದೆ ತೆಗೆದದ್ದು. ಮರುವರ್ಷ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಆ ಜಲಾಶಯದ ತುಂಬು ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಮ್ಮ ಮನೆ ಅದಕ್ಕಿಂತ ಕೆಳಗಿತ್ತು, ಅಷ್ಟೇ ಕಥೆ. ಮನೆ ಬಿಡುವ ಮುನ್ನ ಅಜ್ಜ ಪೇಟೆಯಿಂದ ಫೋಟೊದವನನ್ನು ಕರೆಸಿ ಒಂದೇ ಒಂದು ಚಿತ್ರ ತೆಗೆಸಿದರಂತೆ. ಅಜ್ಜಿಯ ಮುಖ ಇರುವುದು ಅದೊಂದರಲ್ಲೇ. ಮನೆ ಇರುವುದೂ ಅದೊಂದರಲ್ಲೇ.

ಆ ಮನೆಯಿಂದ ನಮ್ಮ ಪಾಲಿಗೆ ಬಂದ ಇನ್ನೊಂದು ವಸ್ತುವೆಂದರೆ ಹಲಸಿನ ಮರದ ಪೆಟ್ಟಿಗೆ. ಅದರ ಹಣೆಯಲ್ಲೂ ನೀರೇ ಬರೆದಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆಗ ನಾವು ಕುರ್ಲಾದಲ್ಲಿ ಕೆಳ ಅಂತಸ್ತಿನ ಮನೆಯಲ್ಲಿದ್ದೆವು. ನೀರು ಸೊಂಟದವರೆಗೆ ಬಂದಿತ್ತು. ಪೆಟ್ಟಿಗೆಯ ತಳ, ಪಕ್ಕದ ಹಲಗೆಗಳು ಆ ಕೆಸರಿನಲ್ಲಿ ಕೊಳೆತು ಹೋದವು. ಮುಚ್ಚಳ ಮಾತ್ರ ಉಳಿಯಿತು. ಫೋಟೊ ಎತ್ತರದಲ್ಲಿದ್ದುದರಿಂದ ನೀರಿಗೆ ಸಿಕ್ಕಲಿಲ್ಲವಾದರೂ ಗೋಡೆ ಆರಲು ತಿಂಗಳು ಹಿಡಿಯಿತು. ಆ ತೇವ ಏನು ಮಾಡಿತ್ತೆಂಬುದು ಇಪ್ಪತ್ತು ವರ್ಷ ನಮಗೆ ತಿಳಿಯಲೇ ಇಲ್ಲ.

ಬಿಚ್ಚಿದಾಗ ಕಂಡದ್ದು

ಹಳೆಯ ಕಟ್ಟನ್ನು ಮೇಜಿನ ಮೇಲೆ ಬೋರಲಾಗಿಟ್ಟು, ತುಕ್ಕು ಹಿಡಿದ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಹಿಂಬದಿಯ ರಟ್ಟನ್ನು ತೆಗೆದೆವು. ಆಗ ಎರಡು ಸಂಗತಿಗಳು ಹೊರಬಿದ್ದವು.

ಮೊದಲನೆಯದು, ಫೋಟೊದ ಒಂದು ಪಾಲು ಗಾಜಿಗೆ ಅಂಟಿಕೊಂಡಿತ್ತು. ಹಳೆಯ ಫೋಟೊಗಳ ಮೈಮೇಲೆ ಜೆಲಟಿನ್ನಿನ ತೆಳುವಾದ ಪದರವಿರುತ್ತದೆ. ಚಿತ್ರ ನಿಂತಿರುವುದೇ ಅದರಲ್ಲಿ. ತೇವಕ್ಕೆ ಅದು ಮೆತ್ತಗಾಗಿ, ಎದುರಿಗಿರುವ ಗಾಜನ್ನು ಹಿಡಿದು, ಒಣಗಿದಾಗ ಅಂಟಿನಂತೆ ಬಿಗಿಯುತ್ತದೆ. ಮನೆಯಾಕೆ ಒಂದು ಮೂಲೆಯನ್ನು ಮೆಲ್ಲಗೆ ಎತ್ತಲು ಹೋದವರು ಅಲ್ಲಿಗೇ ಕೈ ತೆಗೆದರು. ಎತ್ತಿದ್ದರೆ ಅಜ್ಜಿಯ ಸೆರಗು ಗಾಜಿನ ಮೇಲುಳಿದು ಬರಿಯ ಕಾಗದ ನಮ್ಮ ಕೈಗೆ ಬರುತ್ತಿತ್ತು. ವಾಚಕರ ಮನೆಯಲ್ಲೂ ಇಂಥ ಫೋಟೊ ಇದ್ದರೆ ಎಳೆಯಬೇಡಿ, ಚಾಕು ಹಾಕಬೇಡಿ, ನೀರಿನಲ್ಲಿ ನೆನೆಸಬೇಡಿ. ಗಾಜು ಸಹಿತ ಹಾಗೆಯೇ ಇರಲಿ.

ಎರಡನೆಯದು, ಫೋಟೊದ ಬಲಗಡೆಯ ಒಂದು ಅಂಗುಲ ಹಿಂದಕ್ಕೆ ಮಡಚಿತ್ತು. ಅಂದು ಯಾರೋ ಅಂಗಡಿಯಿಂದ ಸಿದ್ಧ ಕಟ್ಟು ತಂದಿದ್ದಾರೆ. ಫೋಟೊ ಅದಕ್ಕಿಂತ ಉದ್ದವಾಗಿದೆ. ಕತ್ತರಿಸಲು ಮನಸ್ಸಾಗದೆ ಮಡಚಿ ಸೇರಿಸಿದ್ದಾರೆ. ಆ ಮಡಿಕೆಯಲ್ಲಿ ಒಬ್ಬ ಹುಡುಗ ನಿಂತಿದ್ದ. ಹತ್ತು ಹನ್ನೆರಡು ವರ್ಷದವನಿರಬೇಕು. ಬರಿಮೈ, ಸೊಂಟಕ್ಕೊಂದು ತುಂಡು, ಕೈಯಲ್ಲಿ ಕರುವಿನ ಹಗ್ಗ. ಕರು ಅರ್ಧ ಚಿತ್ರದೊಳಗೆ, ಅರ್ಧ ಹೊರಗೆ. ಆತ ನೇರವಾಗಿ ನಮ್ಮನ್ನೇ ನೋಡುತ್ತಿದ್ದ.

ಅರವತ್ತು ವರ್ಷ ಈ ಹುಡುಗ ನಮ್ಮ ಗೋಡೆಯ ಮೇಲೇ ಇದ್ದ. ನಮಗೆ ಗೊತ್ತಿರಲಿಲ್ಲ.

“ಇವನ್ಯಾರು ಅಜ್ಜ?” ಎಂದ ಏಳು ವರ್ಷದ ಮೊಮ್ಮಗ. ಗೊತ್ತಿಲ್ಲವೆಂದೆವು. “ಹೋಗ್ಲಿ, ಈ ಮಗು ಎತ್ಕೊಂಡಿರೋ ಅಜ್ಜಿ ಯಾರು?” ಅದೂ ಗೊತ್ತಿಲ್ಲ. ಏಳು ಜನರ ಚಿತ್ರದಲ್ಲಿ ನಮಗೆ ಗುರುತಿದ್ದುದು ನಾಲ್ವರು: ಅಜ್ಜ, ಅಜ್ಜಿ, ಅಪ್ಪ, ನಮ್ಮ ಅತ್ತೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಕೇಳಿ ತಿಳಿಯುವುದಿದ್ದರೆ ಎಂಬತ್ತು ದಾಟಿದ, ಶಿವಮೊಗ್ಗದಲ್ಲಿರುವ ಅತ್ತೆಯೊಬ್ಬರೇ.

ಅಂದೇ ನಿಶ್ಚಯಿಸಿದೆವು. ಈ ಸಲ ಕಟ್ಟಿಗೆ ತಕ್ಕಂತೆ ಚಿತ್ರವನ್ನು ಮಡಚುವುದು ಬೇಡ, ಚಿತ್ರಕ್ಕೆ ತಕ್ಕಂತೆ ಕಟ್ಟು ಮಾಡೋಣ. ಅಂಗಡಿಯಲ್ಲಿ ಸಿಕ್ಕುವುದು ಅಂಗಡಿಯ ಅಳತೆ. ನಮ್ಮ ಅಳತೆ ಬೇಕಾದರೆ ಕೈ ನಮ್ಮದಾಗಬೇಕು. ಮರವಂತೂ ಮನೆಯಲ್ಲೇ ಇತ್ತು.

ಮೊದಲು ಪ್ರತಿ, ಆಮೇಲೆ ಕಟ್ಟು

ಬಡಾವಣೆಯ ಸ್ಟುಡಿಯೊದ ಹಿರಿಯರೊಬ್ಬರು ನಮಗೆ ಒಳ್ಳೆಯ ದಾರಿ ಹೇಳಿದರು. ಮೂಲ ಫೋಟೊವನ್ನು ಗಾಜಿನಿಂದ ಬಿಡಿಸದೆ ಮುಂದಿನಿಂದ ಒಂದು ಚಿತ್ರ ತೆಗೆಯುವುದು. ಮಡಿಕೆಯನ್ನೂ ಬಿಡಿಸದೆ, ಏಕೆಂದರೆ ಬಿಡಿಸಿದರೆ ಪದರ ಬಿರಿಯುತ್ತದೆ, ಹಿಂದಿನಿಂದ ಇನ್ನೊಂದು ಚಿತ್ರ ತೆಗೆಯುವುದು. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸುವುದು. ಹಾಗೆ ಮಾಡಿದಾಗ ಜೋಡಿಸಿದ ಕಡೆ ಒಂದು ಬಿಳಿ ಗೆರೆ ಉಳಿಯಿತು. “ಅಳಿಸಿ ಕೊಡಲೇ?” ಎಂದು ಅವರು ಕೇಳಿದರು. ಮಗಳು ಬೇಡವೆಂದಳು. ಹುಡುಗನನ್ನು ಮಡಚಿಟ್ಟಿದ್ದೆವೆಂಬುದು ನಮಗೆ ನೆನಪಿರಲಿ ಎಂದು ಅವಳ ಅಭಿಪ್ರಾಯ.

ಮೂರು ಪ್ರತಿ ಮಾಡಿಸಿದೆವು: ಒಂದು ನಮಗೆ, ಒಂದು ಅತ್ತೆಗೆ, ಒಂದು ಮಗಳ ಮನೆಗೆ. ಮೂಲವನ್ನು ಗಾಜು ಸಹಿತ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಅಂಗಾತ ಮಲಗಿಸಿ, ಒಣಗಿದ ಕಪಾಟಿನ ನಡುವಿನ ಅರೆಯಲ್ಲಿ ಇಟ್ಟಿದ್ದೇವೆ. ಗೋಡೆಗೆ ಪ್ರತಿ, ಕಪಾಟಿಗೆ ಮೂಲ. ಇದು ಎಲ್ಲ ಹಳೆಯ ಫೋಟೊಗಳಿಗೂ ಸಲ್ಲುವ ನೀತಿ. ಬೆಳಕು ಹಗಲಿಡೀ ಬಣ್ಣವನ್ನು ತಿನ್ನುತ್ತಲೇ ಇರುತ್ತದೆ. ಕುಟ್ಟೆ ಹಿಡಿದ ಹಳೆಯ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಂದೇ ಹೊರಗೆ ಹಾಕಿದೆವು. ಅದನ್ನು ಮನೆಯಲ್ಲಿಟ್ಟುಕೊಂಡರೆ ಹುಳು ಮಿಕ್ಕ ಮರಕ್ಕೂ ಹಬ್ಬೀತು.

ಫೋಟೊಕ್ಕೆ ಕಟ್ಟು ಹಾಕಿಸುವ ರೂಢಿ ನಮ್ಮಲ್ಲಿ ಬಹಳ ಹಿಂದಿನದೇನಲ್ಲ. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯ ಗಿರಗಾಂವಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರು ನಾಡಿನ ಮನೆಮನೆಯ ಗೋಡೆ ಸೇರಿದಾಗ ಅವರಿಗೆ ಗಾಜೂ ಕಟ್ಟೂ ಬೇಕಾದವು. ದೇವರ ಪಟದ ಪಕ್ಕದಲ್ಲಿ ಮನೆಯ ಹಿರಿಯರೂ ಬಂದು ಕುಳಿತರು. ನಮ್ಮ ಅಜ್ಜಿಯ ಗೋಡೆಯ ಮೇಲಾದರೋ ಪಟವಿರಲಿಲ್ಲ, ಚಿತ್ತಾರವಿತ್ತು. ಆ ಮಾತು ಮುಂದೆ ಬರುತ್ತದೆ.

ಮರ ಮತ್ತು ಹತಾರ

ಹಲಸಿನ ಮರ ಕಟ್ಟಿಗೆ ಬಲು ಒಳ್ಳೆಯದು. ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕಂದು. ಅದರ ತಿರುಳಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ವೀಣೆಯನ್ನು ಮಾಡುವುದೂ ಇದೇ ಮರದಲ್ಲಿ. ಹಲಸು ಸಿಕ್ಕದವರು ಹಳೆಯ ತೇಗದ ಕಿಟಕಿಯ ಪಟ್ಟಿಯನ್ನು ಗುಜರಿಯಲ್ಲಿ ಹುಡುಕಿ ತರಬಹುದು. ಹಳೆಯ ಮರ ಚೆನ್ನಾಗಿ ಒಣಗಿರುವುದರಿಂದ ಮುಂದೆ ಸೊಟ್ಟಗಾಗುವ ಭಯ ಕಡಿಮೆ. ತರುವಾಗ ಸಣ್ಣ ತೂತುಗಳಿವೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ನಮ್ಮ ಮುಚ್ಚಳದಲ್ಲಿ ಕೊಳೆಯದೆ ಗಟ್ಟಿಯಾಗಿ ಉಳಿದ ಭಾಗ 30 ಅಂಗುಲ ಉದ್ದ, 5 ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪ. ಅಷ್ಟೇ. ಹಾಳಾದರೆ ಇನ್ನೊಂದು ತರಲು ಆ ಮನೆ ನೀರಿನಡಿಯಲ್ಲಿದೆ.

ಹತಾರಗಳ ವಿಷಯಕ್ಕೆ ಬಂದರೆ, ಹಲ್ಲು ಸಣ್ಣಗಿರುವ ಗರಗಸ, ಸುತ್ತಿಗೆ, ಕೀಸುಳಿ, ಮೂಲೆಮಟ್ಟ, ಓರೆಯಾಗಿ ಕೊಯ್ಯಲು ಗರಗಸವನ್ನು ಹಿಡಿದು ನಡೆಸುವ ಸೀಳುಗಳಿರುವ ಮೈಟರ್ ಪೆಟ್ಟಿಗೆ, ಕೈ ಬೈರಿಗೆ, ಉಪ್ಪುಕಾಗದ, ಬಿಳಿ ಅಂಟು, ಒಂದು ಅಂಗುಲದ ಸಣ್ಣ ಮೊಳೆ. ಮೈಟರ್ ಪೆಟ್ಟಿಗೆ ಮತ್ತು ಗರಗಸವನ್ನು ಹಾರ್ಡ್‌ವೇರ್ ಅಂಗಡಿಯಿಂದ ಕೊಂಡೆವು. ಉಳಿದುದನ್ನು ನೆರೆಮನೆಯ ಮರಾಠಿ ಕಾಕಾ ಎರವಲು ಕೊಟ್ಟರು. ಅವರು ರೈಲ್ವೆ ಕಾರ್ಖಾನೆಯಲ್ಲಿ ಬಡಗಿಯಾಗಿದ್ದು ನಿವೃತ್ತರಾದವರು. ನಾವು ಮೂಲೆಮಟ್ಟ ಎನ್ನುವುದು ಅವರಿಗೆ ಗುಣ್ಯಾ. ನಮ್ಮ ಕೀಸುಳಿ ಅವರಿಗೆ ರಂಧಾ. ಹೆಸರು ಬೇರೆಯಾದರೂ ಮೂಲೆ ತಪ್ಪಿದಾಗ ತಲೆಯಲ್ಲಾಡಿಸುವ ರೀತಿ ಎಲ್ಲ ಬಡಗಿಗಳದೂ ಒಂದೇ.

ಕೆಲಸವನ್ನು ದಸರೆ ಕಳೆದ ಮೇಲೆ ಹಿಡಿದೆವು. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ. ಆಗ ಕೂಡಿಸಿದ ಮೂಲೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.

ಅಳತೆಯ ಲೆಕ್ಕ

ಕಟ್ಟಿನ ಲೆಕ್ಕ ಹೊರಗಿನಿಂದ ಒಳಕ್ಕಲ್ಲ, ಒಳಗಿನಿಂದ ಹೊರಕ್ಕೆ. ಚಿತ್ರವೇ ಮೊದಲು. ನಮ್ಮ ಚಿತ್ರ, ಹುಡುಗನೂ ಸೇರಿ, 8 ಅಂಗುಲ ಅಗಲ, 6 ಅಂಗುಲ ಎತ್ತರ. ಸುತ್ತ ಅರ್ಧ ಅಂಗುಲ ಬಿಳಿ ಬಿಟ್ಟು 9ಕ್ಕೆ 7ರ ಕಾಗದದಲ್ಲಿ ಅಚ್ಚು ಹಾಕಿಸಿದೆವು. ಅದರ ಮೇಲೆ ಬರುವುದು ನಡುವೆ ಕಿಟಕಿ ಕೊಯ್ದ ದಪ್ಪ ರಟ್ಟು, ಅಂದರೆ ಮೌಂಟು. ಇದರ ಹೊರ ಅಳತೆ 12ಕ್ಕೆ 10. ಕಿಟಕಿ 8¼ಕ್ಕೆ 6¼. ಕಿಟಕಿ ಚಿತ್ರಕ್ಕಿಂತ ಒಂದಿಷ್ಟು ದೊಡ್ಡದಿರುವುದರಿಂದ ಯಾರ ಕೈಯೂ ಯಾರ ಭುಜವೂ ಮರೆಯಾಗುವುದಿಲ್ಲ. ಗಾಜಿನ ಅಳತೆಯೂ 12ಕ್ಕೆ 10.

ಮೌಂಟು ಕೇವಲ ಚಂದಕ್ಕಲ್ಲ. ಗಾಜಿಗೂ ಫೋಟೊಕ್ಕೂ ನಡುವೆ ಕೂದಲೆಳೆಯಷ್ಟಾದರೂ ಗಾಳಿ ಇರಲೆಂದು ಅದನ್ನು ಹಾಕುವುದು. ನಮ್ಮ ಹಳೆಯ ಕಟ್ಟಿನಲ್ಲಿ ಅದಿದ್ದಿದ್ದರೆ ಅಜ್ಜಿ ಗಾಜಿಗೆ ಅಂಟಿಕೊಳ್ಳುತ್ತಿರಲಿಲ್ಲ.

ಇನ್ನು ಮರದ ಲೆಕ್ಕ. ಪಟ್ಟಿಯ ಅಗಲ 1½ ಅಂಗುಲ. ಅದರಲ್ಲಿ ಕಾಲಂಗುಲ ಗಾಜಿನ ಮೇಲೆ ಚಾಚಿ ಗಾಜನ್ನು ಹಿಡಿಯಬೇಕು. ಉಳಿಯುವುದು 1¼, ಎರಡು ಬದಿಗೆ 2½. ಹಾಗಾಗಿ ಕಟ್ಟಿನ ಹೊರ ಉದ್ದ 12ಕ್ಕೆ 2½ ಸೇರಿ 14½. ಎತ್ತರ 10ಕ್ಕೆ 2½ ಸೇರಿ 12½. ಒಂದು ಉದ್ದ, ಒಂದು ಗಿಡ್ಡ ಸೇರಿದರೆ 27 ಅಂಗುಲ. ನಮ್ಮ ಹಲಗೆ 30 ಅಂಗುಲ ಉದ್ದವಿದ್ದುದರಿಂದ ಒಂದೊಂದು ಪಟ್ಟಿಯಲ್ಲಿ ಒಂದು ಉದ್ದ, ಒಂದು ಗಿಡ್ಡ ತುಂಡು ಸಿಕ್ಕಿ, ಕೊಯ್ತಕ್ಕೂ ಸ್ವಲ್ಪ ಉಳಿಯುತ್ತದೆ. ಐದು ಅಂಗುಲದ ಅಗಲದಲ್ಲಿ ಮೂರು ಪಟ್ಟಿ. ಬೇಕಾದದ್ದು ಎರಡು; ಮೂರನೆಯದು ಕೈತಪ್ಪಿಗೆ. ಗಾಜು ಬಿಗಿಯಾಗಿ ಕೂತರೆ ಒಡೆಯುವುದರಿಂದ ಎರಡೂ ಕಡೆಗೆ ಒಂದೊಂದು ನೂಲು, ಅಂದರೆ ಅಂಗುಲದ ಎಂಟನೆಯ ಪಾಲು, ಕಡಿಮೆ ಕೊಯ್ಯಿಸಿಕೊಂಡೆವು.

ಗಾಜು ಕೂರಲು ಪಟ್ಟಿಯ ಒಳ ಅಂಚಿನಲ್ಲಿ ಒಂದು ಮೆಟ್ಟಿಲು ಬೇಕು. ಬಡಗಿಗಳು ಅದನ್ನು ಬೇರೆ ಕೀಸುಳಿಯಿಂದ ಕೊರೆಯುತ್ತಾರೆ. ನಮ್ಮಂಥವರಿಗೆ ಸುಲಭದ ದಾರಿ ಬೇರೆ ಇದೆ. 1½ ಅಂಗುಲದ ಹಲಸಿನ ಪಟ್ಟಿಯ ಬೆನ್ನಿಗೆ 1¼ ಅಂಗುಲ ಅಗಲದ, ಅರ್ಧ ಅಂಗುಲ ದಪ್ಪದ ಸಾದಾ ಪಟ್ಟಿಯನ್ನು ಹೊರ ಅಂಚು ಸರಿಯಾಗಿಟ್ಟು ಅಂಟಿಸಿದರೆ ಒಳಗಡೆ ಕಾಲಂಗುಲದ ಮೆಟ್ಟಿಲು ತಾನೇ ಆಗುತ್ತದೆ. ಮೂಲೆ ಕೊಯ್ಯುವುದಕ್ಕೆ ಮೊದಲೇ ಹೀಗೆ ಅಂಟಿಸಿ ಒಂದು ರಾತ್ರಿ ಭಾರ ಹೇರಿ ಇಡಬೇಕು.

ಓರೆ ಕೊಯ್ತ, ಮತ್ತು ನಮ್ಮ ತಪ್ಪು

ಕಟ್ಟಿನ ಮೂಲೆಯೆಂದರೆ ಎರಡು 45 ಡಿಗ್ರಿಯ ಕೊಯ್ತಗಳು ಕೂಡಿ ಒಂದು 90 ಆಗುವುದು. ನಾಲ್ಕು ಮೂಲೆಗೆ ಎಂಟು ಕೊಯ್ತ. ಮೊದಲು ರದ್ದಿ ಮರದ ಮೇಲೆ ಕೈ ಕೂಡಿಸಿಕೊಳ್ಳಿ, ಆಮೇಲೆ ಒಳ್ಳೆಯ ಮರ ಮುಟ್ಟಿ ಎಂದು ಕಾಕಾ ಎರಡು ಸಲ ಹೇಳಿದ್ದರು. ಮೈಟರ್ ಪೆಟ್ಟಿಗೆ ಇರುವಾಗ ಅಭ್ಯಾಸವೇತಕ್ಕೆ ಎಂದು ನಾವು ನೇರವಾಗಿ ಹಲಸಿಗೇ ಗರಗಸ ಇಟ್ಟೆವು.

ಪ್ರತಿ ತುಂಡಿನ ಎರಡೂ ತುದಿಯ ಓರೆಗಳು ಒಂದಕ್ಕೊಂದು ಎದುರಾಗಿ, ಮನೆಯ ಮಾಡಿನ ಹಾಗೆ, ಒಳಮುಖವಾಗಿ ಇಳಿಯಬೇಕು. ಉದ್ದದ ಬದಿ ಹೊರಗೆ, ಗಿಡ್ಡದ ಬದಿ ಗಾಜಿನ ಕಡೆಗೆ. ನಾವು ಮೊದಲ ತುದಿ ಕೊಯ್ದ ಮೇಲೆ ಪೆಟ್ಟಿಗೆಯ ಅದೇ ಸೀಳಿನಲ್ಲಿ ಎರಡನೆಯ ತುದಿಯನ್ನೂ ಕೊಯ್ದೆವು. ಎರಡು ಓರೆಗಳೂ ಒಂದೇ ದಿಕ್ಕಿಗೆ ವಾಲಿದವು. ಗಾಳಿಗೆ ಒರಗಿದ ಬೇಲಿಯ ಗೂಟದಂತಿದ್ದ ಆ ತುಂಡು ಯಾವ ಮೂಲೆಗೂ ಸೇರುವಂತಿರಲಿಲ್ಲ. ತಿರುಗಿಸಿ ಹಾಕೋಣವೆಂದರೆ ಗಾಜಿನ ಮೆಟ್ಟಿಲು ಹೊರಗೆ ಬರುತ್ತದೆ. ಮೂರು ಪಟ್ಟಿಯಲ್ಲಿ ಒಂದು ಹೋಯಿತು.

ಅಂದು ರಾತ್ರಿ ಊಟ ರುಚಿಸಲಿಲ್ಲ. ಅರವತ್ತು ವರ್ಷ ನೆರೆ ತಡೆದ ಮರವನ್ನು ಅರ್ಧ ನಿಮಿಷದಲ್ಲಿ ಕೆಡಿಸಿದ್ದೆವು. ಮಾರನೆಯ ಭಾನುವಾರ ಹಣ್ಣಿನ ಪೆಟ್ಟಿಗೆಯ ರದ್ದಿ ಪಟ್ಟಿ ತಂದು, ಕಾಕಾ ಪಕ್ಕದಲ್ಲಿ ಕುಳಿತಿರಲು, ಒಂದು ಇಡೀ ಸುಳ್ಳು ಕಟ್ಟನ್ನು ಮಾಡಿದೆವು. ಅದಾದ ಮೇಲೆ ಹಲಸಿನ ಎರಡು ಪಟ್ಟಿಗಳಿಗೆ ಕೈ ಹಾಕಿದ್ದು. ಪ್ರತಿ ಕೊಯ್ತಕ್ಕೂ ಮುನ್ನ ಓರೆಯ ದಿಕ್ಕನ್ನು ಪೆನ್ಸಿಲಿನಿಂದ ಮರದ ಮೇಲೆ ಗೀಚಿಟ್ಟುಕೊಂಡೆವು. ಈ ಎಂಟು ಗೀಟುಗಳನ್ನು ಎಳೆದವನು ಮರ ಕೆಡಿಸಲಾರ. ಕೋನಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ: ಎದುರು ಬದುರಿನ ತುಂಡುಗಳು ಒಂದೇ ಉದ್ದ ಇರಬೇಕು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಉದ್ದವಾದುದನ್ನು ಉಪ್ಪುಕಾಗದಕ್ಕೆ ತಿಕ್ಕಿ ಸರಿಮಾಡಬೇಕು.

ಕೂಡಿಸುವಾಗ, ಕೊಯ್ದ ತುದಿಗಳು ಅಂಟನ್ನು ಹೀರಿಬಿಡುವುದರಿಂದ ಮೊದಲು ತೆಳ್ಳಗೆ ಒಂದು ಕೈ ಸವರಿ, ಐದು ನಿಮಿಷ ಬಿಟ್ಟು, ಮತ್ತೆ ಹಚ್ಚಿ ಜೋಡಿಸಬೇಕು. ಬಿಗಿಹಿಡಿಯಲು ಶಿಕಂಜಿ ಇಲ್ಲದಿದ್ದರೆ ಚಿಂತೆಯಿಲ್ಲ. ನಾಲ್ಕು ಮೂಲೆಗೆ ಮಡಚಿದ ರಟ್ಟು ಕೊಟ್ಟು, ಸುತ್ತಲೂ ಗಟ್ಟಿ ಹಗ್ಗ ಕಟ್ಟಿ, ಹಗ್ಗದೊಳಗೆ ಒಂದು ಕೋಲು ತೂರಿಸಿ ತಿರುಚಿದರೆ ಮೂಲೆಗಳು ತಾವೇ ಬಿಗಿಯುತ್ತವೆ. ಆಗ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡೂ ಕಡೆ ಅಳೆಯಿರಿ. ಎರಡೂ ಸಮವಿದ್ದರೆ ಕಟ್ಟು ಚೌಕವಾಗಿದೆಯೆಂದು ಅರ್ಥ. ಒಂದು ದಿನ ಆರಿದ ಮೇಲೆ ಬೈರಿಗೆಯಿಂದ ಸಣ್ಣ ತೂತು ಮಾಡಿಕೊಂಡೇ ಮೂಲೆಗೆ ಮೊಳೆ ಹೊಡೆಯಬೇಕು. ತೂತಿಲ್ಲದೆ ಹೊಡೆದರೆ ತುದಿ ಸೀಳುತ್ತದೆ.

ನಮ್ಮ ಮೂರು ಮೂಲೆ ಚೆನ್ನಾಗಿ ಕೂಡಿದವು. ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಸಂದು ಉಳಿಯಿತು. ಹಲಸಿನ ಹೊಟ್ಟನ್ನೇ ಅಂಟಿನಲ್ಲಿ ಕಲಸಿ ತುಂಬಿದೆವು. ನೋಡಿದವರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಅಲಂಕಾರ

ಸಾಗರ ಸೊರಬದ ಗುಡಿಗಾರರು ಗಂಧದ ಮರದಲ್ಲಿ ಬಿಡಿಸುವ ಬಳ್ಳಿ, ಹಕ್ಕಿಗಳನ್ನು ನೋಡಿದವರು ಉಳಿ ಹಿಡಿಯಲು ನಾಚುತ್ತಾರೆ. ನಾವೂ ಕೆತ್ತನೆಯ ಗೋಜಿಗೆ ಹೋಗಲಿಲ್ಲ. ನಮ್ಮ ಅಲಂಕಾರ ಫೋಟೊದಲ್ಲೇ ಇತ್ತು. ಅಜ್ಜಿಯ ತಲೆಯ ಹಿಂದೆ, ಗೋಡೆಯ ಮೇಲೆ, ಅರ್ಧ ಮಾಸಿದ ಹಸೆ ಚಿತ್ತಾರ ಕಾಣುತ್ತದೆ. ನಮ್ಮ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಿಂದ, ಎಳೆ ಎಳೆಯಾಗಿ ಬರೆಯುವ ಚಿತ್ರವದು. ಅದರ ಅಂಚಿನ ತ್ರಿಕೋನದ ಸಾಲನ್ನು ಮಗಳು ದೊಡ್ಡದು ಮಾಡಿ ನೋಡಿ ಕಾಗದಕ್ಕೆ ಇಳಿಸಿಕೊಂಡಳು. ಅತ್ತೆ ಊರಿಂದ ಬರುವವರ ಕೈಯಲ್ಲಿ ಪುಂಡಿ ನಾರಿನ ಒಂದು ಹಿಡಿ ಕಳುಹಿಸಿದರು.

ಮೊದಲು ಮರವನ್ನು ಎಳೆಯ ಉದ್ದಕ್ಕೆ ಉಪ್ಪುಕಾಗದದಿಂದ, 120 ನಂಬರಿನದು ಆದ ಮೇಲೆ 220ರದು, ತಿಕ್ಕಿ ನುಣುಪು ಮಾಡಿದೆವು. ಅರಗಿನ ಹಳುಕುಗಳನ್ನು ಸ್ಪಿರಿಟಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿಯಿಂದ ತೆಳ್ಳಗೆ ಮೂರು ಕೈ ಹಚ್ಚಿದೆವು. ಸ್ಪಿರಿಟ್ ಬೆಂಕಿಗೆ ಹತ್ತುವ ವಸ್ತು. ಒಲೆಯಿಂದ ದೂರ, ಕಿಟಕಿ ತೆರೆದು ಕೆಲಸ ಮಾಡಬೇಕು. ತೇವದ ಹವೆಯಲ್ಲಿ ಹಚ್ಚಿದರೆ ಅರಗು ಬೆಳ್ಳಗೆ ಮಂಜುಕಟ್ಟುತ್ತದೆ. ಮಳೆಗಾಲ ಬೇಡವೆನ್ನಲು ಇದೂ ಒಂದು ಕಾರಣ. ಆಮೇಲೆ ಎರಡೂ ಅಂಚಿಗೆ ಕಾಲಂಗುಲ ಬರಿ ಮರ ಬಿಟ್ಟು, ನಡುವೆ ಒಂದು ಅಂಗುಲದ ಪಟ್ಟೆಗೆ ಕೆಮ್ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಬಿಳಿಯ ಎಳೆ ಬರೆದಳು. ಇಲ್ಲಿ ಅಕ್ಕಿಹಿಟ್ಟು ಕೂಡದು, ಹುಳುವಿಗೆ ಔತಣವಾಗುತ್ತದೆ. ಅಂಗಡಿಯ ಅಕ್ರಿಲಿಕ್ ಬಣ್ಣವೇ ಸಾಕು. ಬಣ್ಣದ ಮೇಲೆ ಮತ್ತೆ ಅರಗು ಹಚ್ಚಬಾರದು, ಸ್ಪಿರಿಟ್ ಬಣ್ಣವನ್ನು ಕದಡುತ್ತದೆ. ಇದನ್ನು ಕೆಟ್ಟುಹೋದ ಆ ಮೂರನೆಯ ಪಟ್ಟಿಯ ಮೇಲೆ ಮೊದಲೇ ನೋಡಿ ತಿಳಿದೆವು. ಅದೂ ಹಾಗೆ ಉಪಯೋಗಕ್ಕೆ ಬಂತು.

ವಾಚಕರು ತಂತಮ್ಮ ಊರಿನದನ್ನು ಬರೆದುಕೊಳ್ಳಬಹುದು. ಧಾರವಾಡದ ಕಡೆಯವರಿಗೆ ಇಳಕಲ್ಲು ಸೀರೆಯ ಮೇಲಿನ ಕಸೂತಿಯ ಗೋಪುರ, ತೇರುಗಳಿವೆ. ಅವು ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಚೌಕುಳಿ ಕಾಗದದಲ್ಲಿ ಬರೆದು ಮರಕ್ಕೆ ಇಳಿಸುವುದು ಸುಲಭ. ಮೈಸೂರಿನವರು ಅಜ್ಜಿ ಬಾಗಿಲಿಗೆ ಹಾಕುತ್ತಿದ್ದ ಚುಕ್ಕಿ ರಂಗೋಲಿಯ ಒಂದು ಬಳ್ಳಿಯನ್ನೇ ಸುತ್ತಲೂ ಹರಿಸಬಹುದು.

ಬೆನ್ನ ಮೇಲಿನ ಹೆಸರುಗಳು

ಒಳಗೆ ಜೋಡಿಸುವ ಕ್ರಮ ಹೀಗೆ: ಗಾಜು, ಮೌಂಟು, ಚಿತ್ರ, ಹಿಂದಿನ ರಟ್ಟು. ಮೌಂಟೂ ರಟ್ಟೂ ಆಮ್ಲವಿಲ್ಲದ ಜಾತಿಯವಾಗಿರಲಿ. ಸಾಮಾನ್ಯ ರಟ್ಟು, ವೃತ್ತಪತ್ರಿಕೆ, ಪ್ಲೈವುಡ್ಡು ತಾಗಿದರೆ ಚಿತ್ರ ಹಳದಿಯಾಗುತ್ತದೆ. ಚಿತ್ರಕ್ಕೆ ಅಂಟನ್ನಾಗಲಿ ಸೆಲೊಟೇಪನ್ನಾಗಲಿ ತಾಗಿಸಬೇಡಿ. ಹಳೆಯ ಆಲ್ಬಮ್ಮುಗಳಲ್ಲಿದ್ದಂತೆ ಕಾಗದದ ಮೂಲೆಗಳನ್ನು ಮಡಚಿ ರಟ್ಟಿಗೆ ಅಂಟಿಸಿ ಅವುಗಳಲ್ಲಿ ಚಿತ್ರವನ್ನು ಸಿಕ್ಕಿಸಿದರೆ ಸಾಕು. ಹಿಂಬದಿಯ ಸಂದಿಗೆ ಕಾಗದದ ಪಟ್ಟಿ ಅಂಟಿಸಿದರೆ ಧೂಳೂ ಹುಳುವೂ ನುಗ್ಗುವುದಿಲ್ಲ. ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರುಗಳನ್ನು ಹಚ್ಚಿದರೆ ಕಟ್ಟು ಗೋಡೆಯಿಂದ ಸ್ವಲ್ಪ ದೂರ ನಿಂತು ಹಿಂದೆ ಗಾಳಿಯಾಡುತ್ತದೆ. ಮುಂಬಯಿಯಂಥ ಊರಿನಲ್ಲಿ ಮಳೆ ಹೊಡೆಯುವ ಹೊರಗೋಡೆಗೆ ಫೋಟೊ ತೂಗಲೇಬಾರದು.

ಆದರೆ ಮುಚ್ಚುವ ಮುನ್ನ ಒಂದು ಕೆಲಸ ಉಳಿದಿತ್ತು.

ಅತ್ತೆಗೆ ಅವರ ಪ್ರತಿಯನ್ನು ಕಳುಹಿಸಿ ಫೋನು ಮಾಡಿದ್ದೆವು. ಮಗುವನ್ನೆತ್ತಿದ ಹೆಂಗಸನ್ನು ಅವರು ಒಮ್ಮೆಗೇ ಗುರುತಿಸಿದರು. “ಅಯ್ಯೋ ಮಗಾ, ಅದು ನಿನ್ನ ಅಜ್ಜನ ತಂಗಿ ಅಲ್ವೇನೋ! ಗಂಡ ತೀರಿ ನಮ್ಮನೇಲೇ ಇದ್ರು. ಆ ಚಿತ್ತಾರ ಬರೆದಿದ್ದೂ ಅವರೇ, ನನ್ನ ಮದುವೆಗೆ.” ಎತ್ತಿಕೊಂಡ ಮಗು ಬೇಲಿಯಾಚೆಯ ನೆರೆಮನೆಯದಂತೆ. ಹುಡುಗನ ಮಾತು ಬಂದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಾದರು. “ದನ ಕಾಯೋ ಹುಡುಗ. ನಮ್ಮನೇಲೇ ಉಣ್ತಿದ್ದ. ನೀರು ಬಂದಾಗ ಅವನ ಮನೆಯೋರು ಬೇರೆ ಕಡೆ ಹೋದ್ರು, ಮತ್ತೆ ಕಾಣ್ಲಿಲ್ಲ. ಹೆಸರು… ನಾಲಿಗೆ ತುದೀಲೇ ಇದೆ, ಬರ್ತಾ ಇಲ್ಲ ಮಗಾ.”

ನಾವು ಕಾದೆವು. ಮೂರು ದಿನ ಕಳೆದು ಬೆಳಗಿನ ಆರು ಗಂಟೆಗೆ ಫೋನು ಬಂತು. ಕುಶಲ ಪ್ರಶ್ನೆ ಒಂದೂ ಇಲ್ಲ. ಅತ್ತೆ ಒಂದು ಹೆಸರು ಹೇಳಿ, “ಬರ್ಕೋ” ಎಂದರು.

ಆ ಹೆಸರನ್ನು ಇಲ್ಲಿ ಅಚ್ಚು ಹಾಕುವುದಿಲ್ಲ. ಅವನ ಮನೆಯವರನ್ನು ಕೇಳದೆ ಅದು ಸರಿಯಾಗಲಾರದು. ನಮ್ಮ ಕಟ್ಟಿನ ಹಿಂದಿನ ರಟ್ಟಿನ ಮೇಲೆ ಮಾತ್ರ ಅದು ಇದೆ. ಸಂಘದ ಭಾನುವಾರದ ತರಗತಿಯಲ್ಲಿ ಕನ್ನಡ ಅಕ್ಷರ ಕಲಿಯುತ್ತಿರುವ ಮೊಮ್ಮಗನ ಕೈಯಲ್ಲೇ ಮೆತ್ತನೆಯ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಎಲ್ಲ ಹೆಸರುಗಳನ್ನೂ, ಊರನ್ನೂ, ವರ್ಷವನ್ನೂ ಬರೆಯಿಸಿದೆವು. ನೆರೆಮನೆಯ ಮಗುವಿನ ಹೆಸರು ಅತ್ತೆಗೂ ನೆನಪಿರಲಿಲ್ಲ. ಅಲ್ಲಿ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದೇವೆ. ಅಕ್ಷರಗಳು ಸ್ವಲ್ಪ ಡೊಂಕು. ಒತ್ತಕ್ಷರ ಒಂದು ಕಡೆ ತಪ್ಪಿದೆ, ತಿದ್ದಲಿಲ್ಲ.

ಐದು ಭಾನುವಾರ ಹಿಡಿದ ಕೆಲಸ. ಅಂಗಡಿಗೆ ಕೊಟ್ಟಿದ್ದರೆ ಬೇಗ ಆಗುತ್ತಿತ್ತು, ಮೂಲೆಯಲ್ಲಿ ಸಂದೂ ಇರುತ್ತಿರಲಿಲ್ಲ. ಆದರೆ ಅಷ್ಟು ದಿನ ಆ ಚಿತ್ರ ನಮ್ಮ ಮೇಜಿನ ಮೇಲೆ ಇರುತ್ತಿರಲಿಲ್ಲ. ಅತ್ತೆಗೆ ಅಷ್ಟು ಸಲ ಫೋನು ಹೋಗುತ್ತಿರಲಿಲ್ಲ. ಈಗ ಮನೆಗೆ ಬಂದವರನ್ನು ಮೊಮ್ಮಗ ಕೈಹಿಡಿದು ಗೋಡೆಯ ಮುಂದೆ ನಿಲ್ಲಿಸುತ್ತಾನೆ. ಅವನು ತೋರಿಸುವುದು ಅಜ್ಜನಿಂದಲ್ಲ, ಬಲತುದಿಯಿಂದ. ಕರುವಿನ ಹಗ್ಗ ಹಿಡಿದವನ ಹೆಸರು ಹೇಳಿ ಮುಂದಕ್ಕೆ ಹೋಗುತ್ತಾನೆ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ ವಾಚಕರು ತಮ್ಮ ಗೋಡೆಯ ಫೋಟೊ ಒಂದನ್ನು ಇಳಿಸಿ ಬೆನ್ನು ತಿರುಗಿಸಿ ನೋಡಬೇಕೆಂದು ನಮ್ಮ ಅರಿಕೆ. ಹೆಸರುಗಳು ಅಲ್ಲಿ ಇಲ್ಲದಿದ್ದರೆ, ಗರಗಸ ಕೊಳ್ಳುವುದು ನಿಧಾನವಾಗಿ ಆಗಲಿ. ಮೊದಲು ಊರಿಗೆ ಫೋನು ಮಾಡಿ.